ಕಣ್ಣಿಗೆ ಕಾಣುವ ಕಡೆ

ಅಂದು ಬೆಳಿಗ್ಗೆ ಮಂಜು ಪ್ರೊಗೊ ಹೊಳೆಯಿಂದೆದ್ದು, ಗದ್ದೆಗಳನ್ನು ದಾಟಿ ಬಂದು, ಪೊನಿರಾನನ ಗ್ಯಾರೇಜಿನ ಹಲಸಿನ ಮರದ ಕೆಳಗೆ ಕರೆಯದೆ ಬಂದ ನೆಂಟನ ಹಾಗೆ ಏಳುವ ಲಕ್ಷಣವೇ ಇಲ್ಲದೆ ಕೂತುಬಿಟ್ಟಿತ್ತು. ಮಳೆ ನಿಂತು ಎರಡು ತಿಂಗಳಾದ ಕಾಲ. ಹಗಲೆಲ್ಲ ನೆತ್ತಿ ಸುಡುವ ಬಿಸಿಲು, ಬೆಳಗಿನ ಜಾವಕ್ಕೆ ಮಾತ್ರ ಮುದುಕರ ದವಡೆ ನಡುಗಿಸುವ ಚಳಿ. ಮೆನೊರೆ ಗುಡ್ಡದ ಸಾಲು ಇಲ್ಲ, ದೊಡ್ಡ ಸ್ತೂಪದ ಶಿಖರ ಇಲ್ಲ, ಹತ್ತು ಹೆಜ್ಜೆ ಆಚೆಗಿನ ಬಾವಿಕಟ್ಟೆಯೂ ಇಲ್ಲ. ಇದ್ದದ್ದು ರಿಪೇರಿಗೆ ಬಂದು ಅಂಗಳದಲ್ಲಿ ನಿಂತ ಗಿಮಾನನ ನೀಲಿ ಕಾರು ಒಂದೇ, ಅದೂ ಅರ್ಧ. ಗೂನು ಬೆನ್ನಿನ, ಎಂಜಿನ್ನು ಹಿಂದಿರುವ ಈ ಜಾತಿಯ ಹಳೆ ಕಾರಿಗೆ ಊರವರು ಕಪ್ಪೆ ಎನ್ನುತ್ತಾರೆ. ಅದರ ಎರಡು ದುಂಡು ದೀಪಗಳು ಮಂಜಿನೊಳಗಿಂದ ಪೊನಿರಾನನನ್ನೇ ನೋಡುತ್ತಿದ್ದವು. ಮಸೀದಿಯಿಂದ ಬರುತ್ತಿದ್ದ ಅವನಿಗೆ ತಾನು ಎಷ್ಟು ರಕಾತು ಮುಗಿಸಿದೆ ಎಂಬುದೇ ನೆನಪಿರಲಿಲ್ಲ. ಬೆಳಗಿನ ನಮಾಜಿಗೆ ಇರುವುದೇ ಎರಡು. ಇಮಾಮರ ಬೆನ್ನ ಹಿಂದೆ ನಿಂತು ಅವರು ಬಾಗಿದಾಗ ಬಾಗಿ, ಅವರು ಎದ್ದಾಗ ಎದ್ದವನಿಗೆ ಲೆಕ್ಕ ತಪ್ಪುವುದು ಸಾಧ್ಯವೂ ಇಲ್ಲ. ಆದರೂ ತಪ್ಪಿತ್ತು. ಕಿವಿಯ ತನಕ ಎತ್ತಿದ ಬೆರಳುಗಳಲ್ಲಿ ಪೆಟ್ರೋಲಿನ ವಾಸನೆ ಬಂದಿತ್ತು. ಮೂರು ಸಲ ಸೋಪು ಹಾಕಿ ತೊಳೆದು, ಆಮೇಲೆ ನಿಯಮದಂತೆ ಮತ್ತೆ ಮೂರು ಸಲ ನೀರಲ್ಲಿ ತೊಳೆದು ನಿಂತ ಕೈಗಳು. ನಮ್ಮನ್ನು ನೇರ ದಾರಿಯಲ್ಲಿ ನಡೆಸು ಎಂದು ಇಮಾಮರ ದನಿ ಕೇಳುತ್ತಿದ್ದಾಗ ಅವನ ಮನಸ್ಸು ಗಿಮಾನನ ಕಾರಿನ ತಳದಲ್ಲಿ ಮಲಗಿ, ಪೆಟ್ರೋಲ್ ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಹುಡುಕುತ್ತಿತ್ತು.

ಅಡುಗೆಮನೆಯಲ್ಲಿ ಹೆಂಡತಿ ರುಬಿಯಾ ತನ್ನ ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಗೆ ಹಾಕಿಕೊಳ್ಳುತ್ತಿದ್ದಳು. ನಿವೃತ್ತ ಮೇಷ್ಟ್ರು ಪಾಕ್ ಮರ್ಸುದಿಯವರ ಮನೆಯಲ್ಲಿ ಇಂದು ಪ್ರವಾಸಿಗರನ್ನು ಊರು ಸುತ್ತಿಸುವ ಕಾರಿನವರ ಸಂಘ ಸೇರುವ ದಿನ. ಊರ ಹೆಂಗಸರು ಬೆಳಿಗ್ಗೆಯೇ ಹೋಗಿ ತರಕಾರಿ ಹೆಚ್ಚಿ, ಕಾಯಿ ತುರಿದು ಕೊಡಬೇಕು. ಬೇಯಿಸಿದ ಗೆಣಸು ತಟ್ಟೆಯಲ್ಲಿಟ್ಟಿದ್ದೇನೆ ಎಂದಳು. ಅವನು ತಟ್ಟೆಯ ಕಡೆ ನೋಡಲಿಲ್ಲ. ಉಪವಾಸವೇ ಎಂದು ಕೇಳಿದಳು. ಅಂದು ಭಾನುವಾರವೂ, ಐದು ದಿನಗಳ ಹಳೆಯ ವಾರದ ಪೊನ್ ದಿನವೂ ಕೂಡಿ ಬಂದಿದ್ದವು. ಮೂವತ್ತೈದು ದಿನಕ್ಕೊಮ್ಮೆ ಬರುವ ಈ ಕೂಟದಲ್ಲೇ ಅವನು ಹುಟ್ಟಿದ್ದು, ಅವನ ಹೆಸರು ಬಂದದ್ದೂ ಅದರಿಂದಲೇ, ಸಂಘದವರು ಸೇರುವ ದಿನ ಗೊತ್ತುಮಾಡಿಕೊಂಡದ್ದೂ ಅದನ್ನೇ. ಅವನ ತಾಯಿ ಸಾಯುವವರೆಗೂ ಮಗನ ಹುಟ್ಟುವಾರದ ದಿನ ಉಪವಾಸವಿದ್ದಳು. ಅವಳು ಕಾಲವಾದ ಮೇಲೆ ಅವನೇ ಇರುತ್ತಿದ್ದ. ಹೂಂ ಎಂದ. ನಿಜ ಹೇಳಬೇಕೆಂದರೆ ಹಿಂದಿನ ರಾತ್ರಿಯೂ ಅನ್ನ ಇಳಿದಿರಲಿಲ್ಲ. ಉಪವಾಸದ ಸಂಕಲ್ಪವನ್ನು ಅವನು ಮನಸ್ಸಿನಲ್ಲೂ ಮಾಡಿರಲಿಲ್ಲ. ಸಂಕಲ್ಪವಿಲ್ಲದ ಉಪವಾಸ ಬರೀ ಹಸಿವು. ರುಬಿಯಾ ಬಾಗಿಲಲ್ಲಿ ನಿಂತು, ‘ಪಾಕ್ನೆ,’ ಎಂದು ಗಂಡನನ್ನು ಕರೆದು, ‘ಆ ಸರ್ವಾದಿ ಇವತ್ತು ಎಲ್ಲರ ಎದುರಿಗೆ ತಪ್ಪೊಪ್ಪಿಕೊಳ್ತಾನಂತೆ. ಪಾಪ, ಅವನ ಹೆಂಡ್ತಿ ಕಾಯಿ ತುರಿಯೋಕೂ ಬರಲ್ಲ ಅಂದ್ಲು, ಮುಖ ತೋರಿಸೋದು ಹೇಗೆ ಅಂತ,’ ಎಂದಳು. ಪೊನಿರಾನ್ ಗೋಣಿಚೀಲ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಹೊರಗೆ ಬಂದ. ಮಾತಿಗೆ ಮಾತು ಬೆಳೆದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಅವನಿಗೆ ಗೊತ್ತಿತ್ತು.

ಕಾರಿನ ಹಿಂದಿನ ಚಕ್ರಗಳ ನಡುವೆ ಜ್ಯಾಕು ಕೊಟ್ಟು, ಗೋಣಿಚೀಲ ಹಾಸಿ, ಅಂಗಾತ ಮಲಗಿ ಒಳಗೆ ಸರಿದ. ಮಣ್ಣಿನ ತಂಪು ಬೆನ್ನಿಗೆ ಹತ್ತಿತು. ಮೂಗಿನ ಮೇಲೆ ಒಂದು ಗೇಣಿನಷ್ಟು ಎತ್ತರದಲ್ಲಿ ಗೇರ್‌ಬಾಕ್ಸು, ಅದರ ಪಕ್ಕದಲ್ಲೇ ಪೆಟ್ರೋಲಿನ ಕಬ್ಬಿಣದ ಕೊಳವೆ ಮುಗಿದು ರಬ್ಬರ್ ಪೈಪು ಶುರುವಾಗುವ ಜಾಗ. ಇಲ್ಲಿ, ಇದೇ ಜಾಗದಲ್ಲಿ, ಎಂಜಿನ್ನಿನ ಬಿಸಿ ತಾಗದ ಈ ಕತ್ತಲಲ್ಲಿ ಫಿಲ್ಟರು ಇರಬೇಕು. ಇದನ್ನು ಅವನಿಗೆ ಹೇಳಿಕೊಟ್ಟದ್ದು ಎಂಬಾ ಕಸಾನ್, ಎಂದರೆ ಕಸಾನಜ್ಜ. ಕಪ್ಪೆ ಕಾರುಗಳ ಹೊಟ್ಟೆ ಸೀಳಿ ಹೊಲಿಯುವುದರಲ್ಲಿ ಜಿಲ್ಲೆಗೇ ಹೆಸರಾದ ಮುದುಕ, ಈಗ ಮಣ್ಣಲ್ಲಿ ಮಲಗಿ ಹದಿನೈದು ವರ್ಷ. ಎಂಬಾನಿಗೆ ಪಾಠ ಹೇಳಿಕೊಡಲು ಬರುತ್ತಿರಲಿಲ್ಲ, ಕತೆ ಹೇಳಲು ಬರುತ್ತಿತ್ತು. ಕಪ್ಪೆಗೆ ಬಾಯಿ ಮುಂದೆ, ಹೊಟ್ಟೆ ಹಿಂದೆ. ಕುಡಿದದ್ದು ಹೊಟ್ಟೆ ಸೇರುವುದಕ್ಕೆ ಮುಂಚೆ ಸೋಸಬೇಕು, ಹೊಟ್ಟೆಯಲ್ಲಿ ಬೆಂಕಿ ಇದೆ, ಬೆಂಕಿಯ ಮನೆಯಲ್ಲಿ ಸೋಸುವ ಕೆಲಸ ಇಟ್ಟುಕೊಳ್ಳಬಾರದು. ‘ಉರಿಯೋ ಒಲೆ ಮೇಲೆ ಎಣ್ಣೆ ಕುಡಿಕೆ ನೇತುಹಾಕ್ತಾರೇನೋ?’ ಎಂದು ಕೇಳಿ, ಪೊನಿರಾನ್ ಇಲ್ಲ ಎನ್ನುವ ತನಕ ಪಾನಾ ಕೊಡುತ್ತಿರಲಿಲ್ಲ. ಇಲ್ಲ ಎನ್ನುವುದನ್ನು ಕಲಿತದ್ದು ಅಲ್ಲಿ. ಆ ಮಾತು ಹೇಳಬೇಕಾಗಿದ್ದದ್ದು ಮಾತ್ರ ಬೇರೆ ಕಡೆ.

ಗಾಜಿನ ಫಿಲ್ಟರು ಬಂದದ್ದು ಹೋದ ವರ್ಷ. ಪಾಕ್ ಮರ್ಸುದಿಯವರ ಹಳದಿ ಕಪ್ಪೆಯಲ್ಲಿ ಊರು ಸುತ್ತಿದ ಯಾರೋ ಪ್ರವಾಸಿ ತನ್ನ ದೇಶಕ್ಕೆ ಹೋಗಿ ನೆನಪಿಗೆಂದು ಕಳಿಸಿದ್ದು. ಮುಷ್ಟಿಯಷ್ಟು ದಪ್ಪದ ಗಾಜು, ಎರಡು ತುದಿಗೆ ಹೊಳೆಯುವ ಲೋಹದ ಟೋಪಿ, ಒಳಗೆ ಬಿಳಿ ಮಡಿಕೆಗಳು. ಮರ್ಸುದಿ ಗುರುಗಳು ಅದನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು. ಅವರು ಊರ ಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು; ಪೊನಿರಾನನ ಕೈ ಹಿಡಿದು ಅಕ್ಷರ ತಿದ್ದಿಸಿದವರು; ಅವನ ಅಪ್ಪ ಸತ್ತ ವರ್ಷ, ಶಾಲೆ ಬಿಟ್ಟು ಹೊಳೆಯಲ್ಲಿ ಮರಳು ಎತ್ತುತ್ತಿದ್ದವನನ್ನು ಎಂಬಾ ಕಸಾನನ ಗ್ಯಾರೇಜಿಗೆ ಕರೆದುಕೊಂಡು ಹೋಗಿ, ಈ ಕೈಗೆ ಕೆಲಸ ಕೊಡು ಎಂದು ಬಿಟ್ಟು ಬಂದವರು. ಫಿಲ್ಟರನ್ನು ಅವನ ಅಂಗೈಯಲ್ಲಿಟ್ಟು, ‘ಇದನ್ನ ಕಣ್ಣಿಗೆ ಕಾಣೋ ಕಡೆ ಹಾಕು ರಾನ್. ಹಿಂದಿನ ಮುಚ್ಚಳ ಎತ್ತಿದ ಕೂಡಲೇ ಕಾಣಬೇಕು. ರಸ್ತೆ ಬದಿ ಬಾಟಲಿ ಪೆಟ್ರೋಲು ಕುಡಿಯೋ ಗಾಡಿ ಅಂತ ಜನ ಹೆದರ್ತಾರೆ. ಕಣ್ಣಾರೆ ಕಂಡ್ರೆ ನಂಬ್ತಾರೆ,’ ಎಂದಿದ್ದರು. ಕಾಣುವ ಕಡೆ ಎಂದರೆ ಪಂಪಿಗೂ ಕಾರ್ಬೊರೇಟರಿಗೂ ನಡುವೆ, ಎಂಜಿನ್ನಿನ ನೆತ್ತಿಯ ಮೇಲೆ, ಕಿಡಿ ಹಾರಿಸುವ ಡಿಸ್ಟ್ರಿಬ್ಯೂಟರಿನ ಪಕ್ಕದಲ್ಲಿ. ಎಣ್ಣೆ ಕುಡಿಕೆ, ಉರಿಯುವ ಒಲೆ. ಪೊನಿರಾನನ ಬಾಯಿಯ ತನಕ ಇಲ್ಲ ಎಂಬ ಮಾತು ಬಂತು. ಬಂದದ್ದು ಗುರುಗಳ ಕನ್ನಡಕದ ಹಿಂದಿನ ಸಂತೋಷವನ್ನು ನೋಡಿ ಹಲ್ಲಿನ ಹಿಂದೆ ನಿಂತಿತು. ‘ಹಾಗೇ ಆಗಲಿ ಪಾಕ್,’ ಎಂದ. ನಗುತ್ತಲೇ ಎಂದ. ನಮ್ಮಲ್ಲಿ ಹಿರಿಯರಿಗೆ ಇಲ್ಲ ಎನ್ನುವವನು ಮನುಷ್ಯನೇ ಅಲ್ಲ. ಹೂಂ ಎಂದು ಆಮೇಲೆ ಮಾಡದೆ ಉಳಿದವನಿಗಾದರೂ ಕ್ಷಮೆ ಉಂಟು. ಪೊನಿರಾನ್ ಅದಕ್ಕಿಂತ ಒಳ್ಳೆಯವನಾಗಹೋಗಿ, ಹೂಂ ಎಂದದ್ದನ್ನು ಮಾಡಿಯೂ ಮಾಡಿದ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರುವುದಕ್ಕೆ ಜಾಗವಿರುವುದಿಲ್ಲ.

ಆ ಗಾಜಿನೊಳಗೆ ಹಸಿರು ಪೆಟ್ರೋಲು ಗುಳುಗುಳು ಎನ್ನುವುದನ್ನು ಗುರುಗಳು ಬಂದವರಿಗೆಲ್ಲ ತೋರಿಸಿದರು. ಹಿಂದೆ ಶಾಲೆಯಲ್ಲಿ ನಿಜವಾದ ಕಪ್ಪೆಯ ಎದೆ ಬಿಡಿಸಿ, ಇಗೋ ಹೃದಯ, ಇನ್ನೂ ಬಡಿಯುತ್ತಿದೆ ನೋಡಿ ಎಂದು ಮಕ್ಕಳಿಗೆ ತೋರಿಸಿದ ದನಿಯೇ ಅದು. ಒಬ್ಬರದು ಕಂಡು ಇನ್ನೊಬ್ಬರಿಗೆ ಆಸೆ. ಸಂಘದ ಉಳಿದ ಹನ್ನೆರಡು ಕಾರಿನವರೂ ಪೇಟೆಯಿಂದ ಗಾಜಿನ ಫಿಲ್ಟರು ತಂದು ತಂದು ಕೊಟ್ಟರು. ಪೊನಿರಾನ್ ಹನ್ನೆರಡಕ್ಕೂ ಹೂಂ ಎಂದ. ಮೊದಲನೆಯದಕ್ಕೆ ಎಂದ ಮೇಲೆ ಎರಡನೆಯದಕ್ಕೆ ಇಲ್ಲ ಎಂದರೆ ಗುರುಗಳನ್ನು ದೂರಿದ ಹಾಗೆ.

ಇಪ್ಪತ್ತೆರಡು ದಿನದ ಹಿಂದೆ, ಬೆಳಿಗ್ಗೆ ಹತ್ತೂವರೆ ಗಂಟೆಗೆ, ಗುಡ್ಡದ ಏರು ಶುರುವಾಗುವ ತಿರುವಿನಲ್ಲಿ ಹಳದಿ ಕಪ್ಪೆ ಹೊತ್ತಿಕೊಂಡಿತು. ಓಡಿಸುತ್ತಿದ್ದವನು ಸರ್ವಾದಿ, ಆರು ವರ್ಷದಿಂದ ಗುರುಗಳ ಕಾರಿಗೆ ಅವನೇ. ಹಿಂದೆ ಕೂತಿದ್ದವರು ಊರು ನೋಡಲು ಬಂದ ವಯಸ್ಸಾದ ಗಂಡಹೆಂಡತಿ. ಗಂಡ ಹಾರಿಕೊಂಡ. ಮಂಡಿ ಮಡಚಲಾರದ ಆ ಮುದುಕಿಯನ್ನು ಸರ್ವಾದಿ ಎತ್ತಿ ಹೊರಗೆ ತರುವಷ್ಟರಲ್ಲಿ ಅವನ ಎಡಗೈ ಮೊಣಕೈಯ ತನಕ ಬೆಂದಿತ್ತು. ಪೊನಿರಾನ್ ಎಳೆಯುವ ಹಗ್ಗ ಹಿಡಿದು ಮುಟ್ಟುವ ಹೊತ್ತಿಗೆ ಎಂಜಿನ್ನಿನ ಮೆಗ್ನೀಸಿಯಮ್ ಲೋಹವೇ ಬೆಳ್ಳಗೆ, ಕಣ್ಣು ಬಿಟ್ಟು ನೋಡಲಾಗದ ಹಾಗೆ ಉರಿಯುತ್ತಿತ್ತು. ನೀರು ಎರಚಿದಷ್ಟೂ ಹೆಚ್ಚುತ್ತಿತ್ತು. ಜನ ಗದ್ದೆಯ ಕೆಸರು ತಂದು ಸುರಿದರು. ತಣಿದ ಮೇಲೆ, ಯಾರೂ ನೋಡದಾಗ, ತಗಡಿನ ಮೂಲೆಯಲ್ಲಿ ಅವನಿಗೆ ಅರ್ಧ ಸುಟ್ಟ ರಬ್ಬರ್ ಪೈಪಿನ ತುಂಡು ಸಿಕ್ಕಿತು. ತುದಿಯಲ್ಲಿ ಕಾರ್ಬೊರೇಟರಿನ ಹಿತ್ತಾಳೆ ಮೂತಿ, ಕಿರುಬೆರಳಿನ ಉಗುರಿನಷ್ಟುದ್ದ. ಅವನು ಬಿಗಿದ ಕ್ಲಿಪ್ಪು ಬಿಗಿದಂತೆಯೇ ಇತ್ತು. ಮೂತಿಯೇ ಬುಡಸಮೇತ ಕಿತ್ತು ಬಂದಿತ್ತು. ಪೆಟ್ರೋಲು ತುಂಬಿದ ಆ ಗಾಜು ಒಂದು ವರ್ಷ ತೂಗಿ ತೂಗಿ, ಎಂಜಿನ್ನಿನ ನಡುಕಕ್ಕೆ, ಮಗು ಹಾಲುಹಲ್ಲನ್ನು ನಾಲಿಗೆಯಿಂದ ಅಲ್ಲಾಡಿಸಿದ ಹಾಗೆ ಆ ಮೂತಿಯನ್ನು ಅಲ್ಲಾಡಿಸಿ ಅಲ್ಲಾಡಿಸಿ ಸಡಿಲ ಮಾಡಿತ್ತು. ಅಂದು ಅದು ಕಳಚಿತು. ಪಂಪು ಎಸೆದ ಪೆಟ್ರೋಲೆಲ್ಲ ಕಿಡಿಯ ಮೇಲೆ ಬಿತ್ತು. ಪೊನಿರಾನನಿಗೆ ಇದು ಒಂದು ಕ್ಷಣದಲ್ಲಿ, ಸ್ವಂತ ಕೈಬರಹವನ್ನು ಓದಿದ ಹಾಗೆ ಅರ್ಥವಾಯಿತು. ಅವನು ಪೈಪಿನ ತುಂಡನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಮೂತ್ರಕ್ಕೆ ಹೋಗುವವನಂತೆ ಕಾಲುವೆಯ ಬಳಿ ಹೋಗಿ ನೀರಿಗೆ ಬಿಟ್ಟ. ವಾಪಸು ಬಂದಾಗ ಜನ ಆಗಲೇ ಹೇಳುತ್ತಿದ್ದರು: ಸಿಗರೇಟು. ಸರ್ವಾದಿಯ ತುಟಿಯಲ್ಲಿ ಲವಂಗದ ಸಿಗರೇಟು ಇಲ್ಲದ ಹೊತ್ತೇ ಇಲ್ಲವಲ್ಲ. ನೀನೇನಂತೀಯ ಎಂದು ಗುರುಗಳು ಅವನನ್ನೇ ಕೇಳಿದಾಗ ಪೊನಿರಾನ್ ಕರಿ ಹಿಡಿದ ಲೋಹವನ್ನು ನೋಡುತ್ತ, ಏನೂ ಉಳಿದಿಲ್ಲ, ಹೇಳುವುದು ಕಷ್ಟ ಎಂದ. ಅದೂ ಸುಳ್ಳಲ್ಲ.

ಅಂದಿನಿಂದ ಅವನು ಉಳಿದ ಕಾರುಗಳನ್ನು ಒಂದೊಂದಾಗಿ ಕರೆಸಿಕೊಂಡ. ಆಯಿಲ್ ಬದಲಿಸಬೇಕು ಎಂದ, ಬ್ರೇಕು ನೋಡಬೇಕು ಎಂದ. ಯಾರಿಗೂ ಹೇಳದೆ ಗಾಜನ್ನು ಕಳಚಿ, ಸಣ್ಣ ಹಗುರ ಫಿಲ್ಟರನ್ನು ಕೆಳಗೆ ಗೇರ್‌ಬಾಕ್ಸಿನ ಪಕ್ಕ ಕತ್ತಲಲ್ಲಿ ಕೂರಿಸಿದ. ಹನ್ನೊಂದಾದವು. ಪ್ರತಿಯೊಂದು ಕಾರಿನ ಅಡಿಯಿಂದ ಎದ್ದು ಬಂದಾಗಲೂ ಒಂದು ಪಾಪ ಕಡಿಮೆಯಾಯಿತು ಅನ್ನಿಸುತ್ತಿತ್ತು. ಮನೆಗೆ ಬಂದು ಕೈ ತೊಳೆಯುವಾಗ ಒಂದು ಸಾಕ್ಷಿ ಅಳಿಸಿದೆ ಅನ್ನಿಸುತ್ತಿತ್ತು. ಎರಡೂ ಒಂದೇ ಕೆಲಸ. ಗಿಮಾನನದು ಹನ್ನೆರಡನೆಯದು, ಕೊನೆಯದು.

‘ಮಾಸ್, ಅಡಿಯಲ್ಲಿದ್ದೀರಾ?’

ಚಕ್ರದ ಪಕ್ಕದಲ್ಲಿ ಎರಡು ಪಾದಗಳು ಬಂದು ನಿಂತವು. ಒಂದು ಚಪ್ಪಲಿಯ ಬಾರಿಗೆ ತಂತಿ ಕಟ್ಟಿತ್ತು. ಅಣ್ಣ ಎಂದು ಕರೆಯುವ ಆ ದನಿ ಕೇಳದಿದ್ದರೂ ಅದು ಸರ್ವಾದಿ ಎಂದು ಪೊನಿರಾನನಿಗೆ ಗೊತ್ತಾಗುತ್ತಿತ್ತು. ಗಿಮಾನ್ ಕಾರು ತರಲು ಕಳಿಸಿದ್ದಾನೆಂದು ಸರ್ವಾದಿ ಹೇಳಿದ. ‘ತಳ್ಕೊಂಡು ಬಾ, ಓಡಿಸ್ಕೊಂಡು ಬರಬೇಡ, ನನಗಿರೋದು ಒಂದೇ ಕಾರು ಅಂದ,’ ಎಂದು ಸಣ್ಣಗೆ ನಕ್ಕ. ಗಿಮಾನ್ ತಮಾಷೆಯ ಮನುಷ್ಯ. ಅವನು ಹೇಳಿದ್ದನ್ನು ತಮಾಷೆ ಎಂದು ತೆಗೆದುಕೊಳ್ಳದವನು ಸಣ್ಣವನಾಗುತ್ತಾನೆ. ಕೆಲಸ ಹೋದ ಮೇಲೆ ಸರ್ವಾದಿ ಸಂಘದವರ ಕಾರುಗಳನ್ನು ಒಂದೇ ಕೈಯಲ್ಲಿ ತೊಳೆದುಕೊಂಡಿದ್ದ. ಅವನು ಕುಕ್ಕರುಗಾಲಲ್ಲಿ ಕೂತು, ಬ್ಯಾಂಡೇಜಿನ ಕೈಯನ್ನು ಎದೆಗಾನಿಸಿಕೊಂಡು, ತಲೆ ಬಗ್ಗಿಸಿ ಕಾರಿನ ಅಡಿಗೆ ನೋಡಿದ. ಅವನ ಮುಖ ತಲೆಕೆಳಗಾಗಿ ಕಂಡಿತು. ಆ ಮುಖದಲ್ಲಿ ಏನೋ ಕಡಿಮೆಯಾಗಿತ್ತು; ಸಿಗರೇಟು ಎಂದು ತಿಳಿಯಲು ಪೊನಿರಾನನಿಗೆ ಸ್ವಲ್ಪ ಹೊತ್ತು ಬೇಕಾಯಿತು.

‘ಇದನ್ನೂ ಕೆಳಗೆ ಹಾಕ್ತೀರಾ ಮಾಸ್?’

ಪೊನಿರಾನನ ಕೈಯಲ್ಲಿದ್ದ ಕ್ಲಿಪ್ಪು ಜಾರಿ ಕೊರಳ ಗುಳಿಗೆ ಬಿತ್ತು.

‘ಎಲ್ಲಾ ಕಾರನ್ನೂ ನಾನೇ ತೊಳೆಯೋದಲ್ವಾ. ಮುಚ್ಚಳ ತೆಗೆದ್ರೆ ಆ ಗಾಜು ಯಾವುದರಲ್ಲೂ ಇಲ್ಲ,’ ಎಂದ ಸರ್ವಾದಿ. ಆ ದನಿಯಲ್ಲಿ ಚುಚ್ಚುವುದೇನೂ ಇರಲಿಲ್ಲ. ತೊಳೆಯುವವನು ಕಂಡದ್ದನ್ನು ಹೇಳಿದ್ದ, ಅಷ್ಟೆ.

ಪೊನಿರಾನ್ ಕ್ಲಿಪ್ಪನ್ನು ಹುಡುಕುತ್ತ, ಬಿಸಿಲಿನ ಕಾಲ, ಮೇಲಿದ್ದರೆ ಪೆಟ್ರೋಲು ಬಿಸಿಗೆ ಆವಿಯಾಗಿ ಗಾಡಿ ನಿಂತುಬಿಡುತ್ತದೆ, ಅದಕ್ಕೆ ಎಂದ. ಅದೂ ಸುಳ್ಳಲ್ಲ. ಅವನು ಈಚೆಗೆ ಹೇಳುತ್ತಿದ್ದ ಯಾವುದೂ ಸುಳ್ಳಾಗಿರಲಿಲ್ಲ. ಸರ್ವಾದಿ ಹೌದಾ ಎಂದು ತಲೆಯಾಡಿಸಿದ. ತಿಳಿದವರ ಮಾತು ಕೇಳಿ ಮನಸ್ಸು ಹಗುರ ಮಾಡಿಕೊಳ್ಳುವವನ ತಲೆಯಾಡಿಸುವಿಕೆ ಅದು. ಇವನಿಗೆ ಗೊತ್ತಿದೆಯೋ, ಗೊತ್ತಿದ್ದೂ ನನಗೆ ನಾಚಿಕೆಯಾಗದಿರಲೆಂದು ಸುಮ್ಮನಿದ್ದಾನೋ? ಹಾಗಿದ್ದರೆ ಇವನೂ ನನ್ನಂಥವನೇ. ಹಾಗೆ ಅಂದುಕೊಂಡದ್ದೇ ಪೊನಿರಾನನಿಗೆ ಹೇಸಿಗೆಯಾಯಿತು. ಸುಟ್ಟ ಕೈಯವನನ್ನು ತನ್ನ ಪಕ್ಕಕ್ಕೆ ಎಳೆದು ಕೂರಿಸಿಕೊಳ್ಳುತ್ತಿದ್ದೇನಲ್ಲ ಎಂದು.

ಅವನು ಕ್ಲಿಪ್ಪು ಬಿಗಿದು ಹೊರಗೆ ಬಂದು, ಜ್ಯಾಕು ಇಳಿಸಿ ಕೈ ಒರೆಸಿಕೊಳ್ಳುವಾಗ ಸರ್ವಾದಿ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದ. ಮೂಲೆಯಲ್ಲಿ ಸರ್ಕಾರದ ಸ್ಟ್ಯಾಂಪು ಅಂಟಿಸಿ ಆಗಿತ್ತು. ನಮ್ಮಲ್ಲಿ ದೊಡ್ಡ ತಪ್ಪನ್ನು ಬಾಯಲ್ಲಿ ಒಪ್ಪಿದರೆ ಸಾಲದು, ಸ್ಟ್ಯಾಂಪಿನ ಮೇಲೆ ಹಾದುಹೋಗುವ ಹಾಗೆ ಸಹಿ ಮಾಡಿ ಕೊಡಬೇಕು. ಕೊಟ್ಟರೆ ಮಾತು ಅಲ್ಲಿಗೆ ಮುಗಿಯುತ್ತದೆ. ಇದನ್ನು ಕೊಟ್ಟ ಮೇಲೆ ಸರ್ವಾದಿಗೆ ಈ ಸೀಮೆಯಲ್ಲಿ ಯಾರೂ ಕಾರಿನ ಕೀಲಿ ಕೊಡುವುದಿಲ್ಲ ಎಂಬುದು ಅವನಿಗೂ ಗೊತ್ತು, ಬರೆಸಿದವರಿಗೂ ಗೊತ್ತು. ಆರನೆಯ ಸಾಲಿನ ತನಕ ಬರೆದಿದ್ದೇನೆ, ಮುಂದೆ ತೋಚುತ್ತಿಲ್ಲ ಎಂದ. ‘ಬೆಂಕಿ ಹೇಗೆ ಹತ್ತಿತು ಅಂತ ಬರಿ ಅಂದ್ರು ಪಾಕ್ ಮರ್ಸುದಿ. ನನಗೆ ಸಿಗರೇಟು ಹಚ್ಚಿದ್ದೇ ಜ್ಞಾಪಕ ಇಲ್ಲ ಮಾಸ್. ಎಲ್ಲರೂ ಹಚ್ಚಿದ್ದೆ ಅಂತಾರೆ. ದಿನಾ ಹಚ್ತಿದ್ದೆನಲ್ಲ, ಅವತ್ತೂ ಹಚ್ಚಿರಬೇಕು. ಆದ್ರೆ ಮುಂದೆ ಕೂತವನ ಬೆಂಕಿ ಹಿಂದಿನ ಎಂಜಿನ್ನಿಗೆ ಹೇಗೆ ಹೋಯ್ತು? ನೀವು ಎಂಜಿನ್ ಬಲ್ಲವರು. ನೀವು ಹೇಳಿದ್ದನ್ನೇ ಬರೀತೀನಿ.’

ಮಂಜು ಆಗ ಹರಿಯುತ್ತಿತ್ತು. ಬಾವಿಕಟ್ಟೆ ಬಂತು, ಅದರಾಚೆಯ ಬಾಳೆಗಿಡ ಬಂತು. ದೇವರು ಒಂದೊಂದಾಗಿ ಎಲ್ಲವನ್ನೂ ತಿರುಗಿ ಇಡುತ್ತಿದ್ದ. ಹೇಳುವುದಿದ್ದರೆ ಹೇಳು ಎಂದು ಇದಕ್ಕಿಂತ ಬಿಚ್ಚಿ ಯಾರು ಕೇಳುತ್ತಾರೆ? ಪೊನಿರಾನ್ ಬಾಯಿ ತೆರೆದ. ನಾನು ಎಂದು ಶುರುಮಾಡಬೇಕೆಂದಿದ್ದ. ಸಂಜೆ ಹನ್ನೆರಡು ಮನೆಯವರು ಈ ಅಂಗಳಕ್ಕೆ ಬಂದು ನಿಲ್ಲುವುದು ಕಂಡಿತು. ಗುರುಗಳ ಕನ್ನಡಕ ಕಂಡಿತು. ಅವನ ಬಾಯಿ ತಾನಾಗಿಯೇ ಒಂದು ವಾಕ್ಯ ಹೇಳಿತು: ‘ಕಿಡಿ ಗಾಳಿಗೆ ಹಿಂದಕ್ಕೆ ಹಾರಿ, ತಗಡಿನ ಸಂದಿಯೊಳಗೆ ಬಿದ್ದಿರಬಹುದು.’

ಸರ್ವಾದಿ ಕಾರಿನ ಮುಚ್ಚಳದ ಮೇಲೆ ಕಾಗದ ಇಟ್ಟು, ಗಾಳಿಗೆ ಹಾರದಂತೆ ಬ್ಯಾಂಡೇಜಿನ ಕೈ ಒತ್ತಿ, ನಿಧಾನವಾಗಿ ಬರೆದ. ಪ್ರತಿ ಪದ ಬರೆಯುವಾಗಲೂ ತುಟಿ ಆಡಿಸಿದ. ಬಿದ್ದಿರಬಹುದು ಎಂದರೆ ಪಾಕ್ ಒಪ್ಪುತ್ತಾರೋ ಇಲ್ಲವೋ, ಬಿತ್ತು ಎಂದೇ ಬರೆಯಲೇ ಎಂದು ಕೇಳಿದ.

‘ಹಾಗೇ ಬರಿ,’ ಎಂದ ಪೊನಿರಾನ್.

‘ನೀವಿಲ್ದಿದ್ರೆ ನನಗೆ ಈ ಸಾಲು ಹೊಳೀತಾನೇ ಇರಲಿಲ್ಲ ಮಾಸ್,’ ಎಂದು ಸರ್ವಾದಿ ಕಾಗದವನ್ನು ಊದಿ ಮಡಿಚಿ ಜೇಬಿಗಿಟ್ಟ.

ಓಡಿಸಿಕೊಂಡು ಹೋಗು ಎಂದು ಪೊನಿರಾನ್ ಕೀಲಿ ಚಾಚಿದರೆ ಸರ್ವಾದಿ ಮುಟ್ಟಲಿಲ್ಲ. ತಳ್ಳಿಕೊಂಡು ಬಾ ಎಂದಿದ್ದಾರಲ್ಲ. ಒಬ್ಬನ ಕೈಯಲ್ಲಿ ಆಗುವ ಮಾತಲ್ಲ. ಪೊನಿರಾನನೂ ಹಿಂದೆ ಹೆಗಲು ಕೊಟ್ಟ. ಚೆನ್ನಾಗಿ ಓಡುವ ಕಾರನ್ನು ಇಬ್ಬರು ಗಂಡಸರು ಊರ ಬೀದಿಯಲ್ಲಿ ತಳ್ಳಿಕೊಂಡು ಹೋದರು. ಸೋಯಾಕಾಳಿನ ತೆಂಪೆ ಕರಿಯುತ್ತಿದ್ದ ಅಂಗಡಿಯ ಹೆಂಗಸು ಜಾಲರಿ ಹಿಡಿದುಕೊಂಡೇ ಬಾಗಿಲಿಗೆ ಬಂದು, ಮೆಕ್ಯಾನಿಕ್ಕೇ ತಳ್ಳೋ ಗಾಡಿ ಇದೇ ಮೊದಲು ನೋಡಿದ್ದು ಎಂದಳು. ಪೊನಿರಾನನಿಗೆ ಬೆವರು ಕಣ್ಣಿಗಿಳಿಯಿತು. ಪಕ್ಕದಲ್ಲಿ ಸರ್ವಾದಿಯ ಉಸಿರು ಕೇಳುತ್ತಿತ್ತು. ಲವಂಗದ ವಾಸನೆಯಿಲ್ಲದ ಬರಿಯ ಉಸಿರು. ಹೋದ ತಿಂಗಳ ತನಕ ಈ ಮನುಷ್ಯ ನಮ್ಮ ಗ್ಯಾರೇಜಿನ ಬಾಗಿಲಿಗೆ ಬರುವ ಮೊದಲೇ ಅವನ ವಾಸನೆ ಬರುತ್ತಿತ್ತು, ರುಬಿಯಾ ಒಳಗಿಂದಲೇ ಚಹಾಕ್ಕೆ ನೀರಿಡುತ್ತಿದ್ದಳು. ಅವನಿಂದ ನಾನು ಎಷ್ಟನ್ನು ತೆಗೆದುಕೊಂಡಿದ್ದೇನೆ ಎಂದು ಲೆಕ್ಕ ಹಾಕುತ್ತ ಪೊನಿರಾನ್ ತಳ್ಳಿದ. ಕೆಲಸ ತೆಗೆದುಕೊಂಡೆ, ಸಿಗರೇಟು ತೆಗೆದುಕೊಂಡೆ, ಈಗ ಅವನ ಜೇಬಿನಲ್ಲಿ ನನ್ನ ವಾಕ್ಯ ಇಟ್ಟಿದ್ದೇನೆ.

ಪಾಕ್ ಮರ್ಸುದಿಯವರ ಮನೆಯ ಮುಂದಿನ ಕಂಬದ ಚಾವಡಿಯಲ್ಲಿ ಚಾಪೆ ಹಾಸಿತ್ತು. ಹನ್ನೆರಡು ಕಾರಿನವರೂ ಬಂದಾಗಿತ್ತು. ಕಾರು ಬಂದದ್ದನ್ನು ನೋಡಿ ಗಿಮಾನ್ ಹೊಟ್ಟೆ ಹಿಡಿದುಕೊಂಡು ನಕ್ಕು, ಸರ್ವಾದಿ ಇನ್ನು ಮೇಲೆ ಕುದುರೆಗಾಡಿ ಓಡಿಸುವುದು ವಾಸಿ, ಕುದುರೆಗೆ ಎಲ್ಲಿ ಬೆಂಕಿ ಹತ್ತುತ್ತದೆ ಎಂದ. ಎಲ್ಲರೂ ನಕ್ಕರು, ಸರ್ವಾದಿಯೂ ನಕ್ಕ. ಅವನು ಚಾವಡಿಯ ಅಂಚಿನಲ್ಲಿ, ಚಪ್ಪಲಿ ಬಿಡುವ ಕಡೆ ಕೂತ. ಪೊನಿರಾನನಿಗೆ ಒಳಗೆ, ಗುರುಗಳ ಪಕ್ಕದಲ್ಲಿ ಜಾಗ ಇಟ್ಟಿದ್ದರು. ಸಿಹಿ ಚಹಾದ ಗಾಜಿನ ಲೋಟ ಬಂದಾಗ ಅವನು ತಡೆದ. ಉಪವಾಸ ಎಂದು ತಿಳಿದು ಗುರುಗಳು ಕನ್ನಡಕ ಸರಿಮಾಡಿಕೊಂಡು ಎಲ್ಲರ ಕಡೆ ತಿರುಗಿ, ‘ನೋಡಿ, ಹುಟ್ಟುವಾರ ಮರೀದೆ ಇರೋನು ಈ ಊರಲ್ಲಿ ಇವನೊಬ್ಬ ಉಳಿದ. ಅಪ್ಪ ಇಲ್ಲದೆ ಬೆಳೆದ ಹುಡುಗ,’ ಎಂದರು. ಹೌದು ಹೌದು ಎಂದರು ಜನ. ಪೊನಿರಾನ್ ಚಾಪೆಯ ಎಳೆಗಳನ್ನು ಎಣಿಸುತ್ತ ಕೂತ. ಹೊಗಳಿಕೆ ಮೈಮೇಲೆ ಬಿದ್ದು ಒಣಗುತ್ತಿರುವುದು ಕೆಸರಿನ ಹಾಗೆ ಗೊತ್ತಾಗುತ್ತಿತ್ತು.

ಗುರುಗಳು ಕಟುಕರಲ್ಲ. ಯಾರಿಗೂ ಯಾರ ಮೇಲೂ ಕೋಪವಿಲ್ಲ, ಪ್ರಾಣ ಉಳಿಯಿತು, ಅದಕ್ಕೆ ದೇವರಿಗೆ ಕೃತಜ್ಞತೆ ಎಂದರು. ಕಾಗದ ಒಂದು ಇದ್ದರೆ ನಾಳೆ ಮಾತು ಬೆಳೆಯುವುದಿಲ್ಲ, ಸರ್ವಾದಿಗೂ ಹಗುರ ಎಂದರು. ಸರ್ವಾದಿ ಅಲ್ಲೇ ಎಲ್ಲರೆದುರು ಸಹಿ ಮಾಡಿ, ಮಂಡಿಯ ಮೇಲೆ ಸರಿದು ಬಂದು ಕಾಗದ ಕೊಟ್ಟು, ಹಾಗೆಯೇ ಹಿಂದಕ್ಕೆ ಸರಿದು ತನ್ನ ಜಾಗಕ್ಕೆ ಹೋದ. ಗುರುಗಳು ಅದನ್ನು ಗಟ್ಟಿಯಾಗಿ ಓದಿದರು. ಶಾಲೆಯಲ್ಲಿ ಪ್ರಬಂಧ ಓದುತ್ತಿದ್ದ ಅದೇ ತುಂಬು ದನಿ. ನಾನು, ಕೆಳಗೆ ಸಹಿ ಮಾಡಿದವನು, ಆ ದಿನ, ನನ್ನ ಅಜಾಗ್ರತೆಯಿಂದ. ಅಡುಗೆಮನೆಯಲ್ಲಿ ಚಾಕುಗಳ ಸದ್ದು ನಿಂತಿತು. ಹೆಂಗಸರು ಕೇಳಿಸಿಕೊಳ್ಳುತ್ತಿದ್ದರು, ರುಬಿಯಾ ಕೂಡ. ಆಮೇಲೆ ಏಳನೆಯ ಸಾಲು ಬಂತು. ಕಿಡಿ ಗಾಳಿಗೆ ಹಿಂದಕ್ಕೆ ಹಾರಿ ತಗಡಿನ ಸಂದಿಯೊಳಗೆ ಬಿತ್ತು. ಓದಿ ಗುರುಗಳು, ಚೆನ್ನಾಗಿ ಬರೆದಿದ್ದಾನೆ ಎಂದು ಮೆಚ್ಚಿದರು.

ಸಹಿ ಮಾಡಿದ ಕಾಗದದಲ್ಲಿ, ಗುರುಗಳ ಬಾಯಲ್ಲಿ, ಹನ್ನೆರಡು ಜನರ ಕಿವಿಯಲ್ಲಿ ಆ ವಾಕ್ಯ ಸತ್ಯವಾಗಿ ಗಟ್ಟಿಯಾಗುತ್ತಿರುವುದನ್ನು ಪೊನಿರಾನ್ ಕಂಡ. ಅಂಚಿನಲ್ಲಿ ಕೂತ ಸರ್ವಾದಿ ಆ ಸಾಲಿಗೆ ಸಣ್ಣಗೆ ತಲೆಯಾಡಿಸುತ್ತಿದ್ದ. ಈಗ ಅವನಿಗೆ ಜ್ಞಾಪಕವೂ ಬರುತ್ತಿತ್ತೇನೋ: ಕಡ್ಡಿ ಗೀಚಿದ್ದು, ಕೆಂಪು ಕಿಡಿ ಭುಜದ ಮೇಲಿಂದ ಹಿಂದಕ್ಕೆ ಹಾರಿದ್ದು. ಹಾರದೇ ಇದ್ದ ಕಿಡಿಯನ್ನು ಈ ಮನುಷ್ಯ ಸಾಯುವ ತನಕ ನೋಡುತ್ತಿರುತ್ತಾನೆ.

‘ಪಾಕ್, ಆ ಸಾಲು ನಂದು,’ ಎಂದ ಪೊನಿರಾನ್.

ಅವನಿಗೇ ತನ್ನ ದನಿ ಕೇಳಿ ಆಶ್ಚರ್ಯವಾಯಿತು. ಎದ್ದು ನಿಂತಿರಲಿಲ್ಲ, ತಲೆ ಎತ್ತಿರಲಿಲ್ಲ. ಚಾಪೆಗೆ ಹೇಳುತ್ತಿರುವವನ ಹಾಗೆ ಹೇಳುತ್ತ ಹೋದ. ಗಾಜಿನ ಫಿಲ್ಟರು ಎಂಜಿನ್ನಿನ ಮೇಲೆ ಇರಬಾರದಾಗಿತ್ತು ಎಂದ. ಅದರ ಭಾರಕ್ಕೆ ಕಾರ್ಬೊರೇಟರಿನ ಮೂತಿ ಕಿತ್ತು ಬಂತು, ಪೆಟ್ರೋಲು ಕಿಡಿಯ ಮೇಲೆ ಬಿತ್ತು, ಸಿಗರೇಟಿಗೂ ಅದಕ್ಕೂ ಸಂಬಂಧವಿಲ್ಲ ಎಂದ. ಕಿತ್ತು ಬಂದದ್ದು ಸಿಕ್ಕಿತ್ತು, ಅದನ್ನು ಕಾಲುವೆಗೆ ಎಸೆದೆ, ತೋರಿಸಲು ಈಗ ನನ್ನಲ್ಲಿ ಏನೂ ಇಲ್ಲ ಎಂದ. ‘ನಿಮ್ಮ ಹನ್ನೆರಡು ಗಾಡಿಲೂ ಹಾಗೇ ಹಾಕಿದ್ದೆ. ನಿಮಗ್ಯಾರಿಗೂ ಹೇಳದೆ ಎಲ್ಲಾನೂ ಕೆಳಗೆ ಇಳಿಸಿದ್ದೀನಿ. ಗಿಮಾನಂದು ಇವತ್ತು ಬೆಳಿಗ್ಗೆ ಆಯ್ತು.’

ಗಿಮಾನ್ ತಿರುಗಿ ತನ್ನ ನೀಲಿ ಕಾರಿನ ಕಡೆ ನೋಡಿದ. ಯಾರೂ ಬೈಯಲಿಲ್ಲ. ಬೈದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಎಲ್ಲರೂ ತಮ್ಮ ತಮ್ಮ ಚಹಾದ ಲೋಟ ನೋಡುತ್ತಿದ್ದರು. ತಮ್ಮ ಹೆಂಡತಿಮಕ್ಕಳನ್ನು ಕೂರಿಸಿಕೊಂಡು ಹೋದ ದಿನಗಳನ್ನು ಅವರು ಎಣಿಸುತ್ತಿದ್ದಾರೆಂದು ಪೊನಿರಾನನಿಗೆ ತಿಳಿಯಿತು. ಮೊದಲು ಮಾತಾಡಿದವನು ಸರ್ವಾದಿ. ದನಿ ಏರಿರಲಿಲ್ಲ.

‘ಇಪ್ಪತ್ತೆರಡು ದಿನ ಮಾಸ್. ಆ ಅಜ್ಜಿನ ನಾನೇ ಸುಟ್ಟುಬಿಡ್ತಿದ್ದೆನಲ್ಲ ಅಂತ ಅಂದ್ಕೊಂಡು ಮಲಗ್ತಿದ್ದೆ.’

ಪೊನಿರಾನನಿಗೆ ಕ್ಷಮಿಸು ಎಂಬ ಪದ ಬಂತು. ಅದು ಅವನ ಬಾಯಿಗೆ ಬಹಳ ಸಲೀಸಾಗಿ ಬರುವ ಪದ. ದಾರಿಯಲ್ಲಿ ಯಾರ ಮುಂದೆ ಹಾದು ಹೋದರೂ ಬೆನ್ನು ಬಗ್ಗಿಸಿ ಅದನ್ನೇ ಹೇಳುತ್ತಿದ್ದ. ಈಗ ಅದನ್ನು ಆಡಲು ಮನಸ್ಸಾಗಲಿಲ್ಲ.

ಪಾಕ್ ಮರ್ಸುದಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಕನ್ನಡಕವಿಲ್ಲದ ಅವರ ಮುಖ ಮುದುಕನ ಮುಖವಾಗಿತ್ತು.

‘ಹಾಕೋವಾಗ ನಿನಗೆ ಗೊತ್ತಿತ್ತಾ ರಾನ್?’

‘ಗೊತ್ತಿತ್ತು ಪಾಕ್.’

‘ಗೊತ್ತಿದ್ದೂ ಯಾಕೆ ಹೇಳಲಿಲ್ಲ?’

ಉತ್ತರ ಒಂದೇ ಇತ್ತು, ಅದು ಪಕ್ಕದಲ್ಲೇ ಕೂತಿತ್ತು. ಪೊನಿರಾನ್ ಆ ಮುಖವನ್ನು ನೋಡಿದ. ಇದನ್ನೂ ಹೇಳದೆ ಉಳಿದರೆ ಅದು ಹಳೆಯ ದಾಕ್ಷಿಣ್ಯವೋ, ಇಲ್ಲ ಕರುಣೆಯೋ, ಅವನಿಗೆ ಬಗೆಹರಿಯಲಿಲ್ಲ. ‘ನಾಲಿಗೆ ಏಳಲಿಲ್ಲ,’ ಎಂದ. ಗುರುಗಳು ಅವನನ್ನು ನೋಡಿದರು. ಆಮೇಲೆ ನೋಟ ತಗ್ಗಿಸಿ ತಮ್ಮ ಅಂಗೈಗಳನ್ನು, ಕರವಸ್ತ್ರ ಬಿಚ್ಚಿ ಏನನ್ನೋ ತೋರಿಸುವಂತೆ ಅರ್ಧ ತೆರೆದಿದ್ದ ಅಂಗೈಗಳನ್ನು ನೋಡಿಕೊಂಡರು.

ಅವರು ಕಂಬ ಹಿಡಿದುಕೊಂಡು ಎದ್ದರು. ಸಹಿ ಮಾಡಿದ ಕಾಗದ ಕೈಯಲ್ಲೇ ಇತ್ತು. ಕೂತವರ ನಡುವೆ ನಡೆಯುವಾಗ ಹಿರಿಯರು ಬಗ್ಗಬೇಕಾಗಿಲ್ಲ, ಆದರೂ ಅವರು ಬೆನ್ನು ಬಗ್ಗಿಸಿಕೊಂಡೇ ಚಾವಡಿಯ ಅಂಚಿನ ತನಕ ಹೋಗಿ, ಚಪ್ಪಲಿಗಳ ಪಕ್ಕದಲ್ಲಿ, ಬರಿಯ ಸಿಮೆಂಟಿನ ಮೇಲೆ, ಸರ್ವಾದಿಯ ಎದುರು ನಿಧಾನವಾಗಿ ಮಂಡಿಯೂರಿ ಕೂತರು. ಕಾಗದವನ್ನು ಅದರ ಹಳೆಯ ಮಡಿಕೆಗಳಲ್ಲೇ ಮಡಿಚಿ, ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದರು. ಸರ್ವಾದಿ ಅದನ್ನು ತೆಗೆದುಕೊಳ್ಳಲು ಬಹಳ ಹೊತ್ತು ಮಾಡಿದ. ಅವನು ತೆಗೆದುಕೊಳ್ಳುವ ತನಕ ಆ ಕೈಗಳು ಹಾಗೆಯೇ ಚಾಚಿಕೊಂಡಿದ್ದವು.